ಪಂದ್ಯಕ್ಕೆ ಮೊದಲೇ ಕಾಲು ಕಟ್ಟುವ ಹುಡುಗ: ಸ್ಟ್ರೆಚಿಂಗ್ ಎಷ್ಟು, ಯಾವಾಗ?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಬೆಂಗಳೂರಿನ ಒಂದು ಅಕಾಡೆಮಿಯಲ್ಲಿ ಫುಟ್‌ಬಾಲ್ ಆಡುತ್ತಾನೆ, ಮಿಡ್‌ಫೀಲ್ಡರ್. ಈ ವರ್ಷ 15 ವರ್ಷದೊಳಗಿನವರ ತಂಡಕ್ಕೆ ಆಯ್ಕೆಯಾದ ಮೇಲೆ ಪಂದ್ಯದ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡುವುದಿಲ್ಲ. ಬೆಳಿಗ್ಗೆ ಹೊಟ್ಟೆ ತೊಳಸುತ್ತದೆ ಎಂದು ತಿಂಡಿ ಬಿಡುತ್ತಾನೆ. ಮೈದಾನಕ್ಕೆ ಇಳಿಯುವ ಮೊದಲೇ ಕಾಲು ಕಟ್ಟಿದಂತಾಗುತ್ತದೆ ಎನ್ನುತ್ತಾನೆ. ಅಭ್ಯಾಸದ ದಿನ ಇದು ಯಾವುದೂ ಇರುವುದಿಲ್ಲ. ಸ್ಟ್ರೆಚಿಂಗ್ ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಎಂದು ಕೋಚ್ ಹೇಳುತ್ತಾರೆ. ನಮ್ಮ ಅತ್ತೆಯವರು ಶವಾಸನ ಮಾಡಿಸು ಎನ್ನುತ್ತಾರೆ. ಯಾವುದು ಸರಿ? ಎಷ್ಟು ಹೊತ್ತು, ಯಾವಾಗ ಮಾಡಿಸಬೇಕು?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಕೋಚ್ ಹೇಳಿದ್ದೂ ಪ್ರಯೋಜನಕ್ಕೆ ಬರುತ್ತದೆ, ನಿಮ್ಮ ಅತ್ತೆಯವರು ಹೇಳಿದ್ದೂ ಬರುತ್ತದೆ. ಆದರೆ ಎರಡನ್ನೂ ಪಂದ್ಯದ ದಿನದ ಮದ್ದೆಂದು ಭಾವಿಸಿದರೆ ಕೆಲಸ ಕೆಡುತ್ತದೆ. ಸ್ನಾಯುವನ್ನು ಸಡಿಲ ಬಿಡುವುದು ಚೆಂಡನ್ನು ಎದೆಯ ಮೇಲೆ ತಡೆದು ಕಾಲಿಗೆ ಇಳಿಸಿಕೊಳ್ಳುವಷ್ಟೇ ಕಲಿತು ಬರುವ ವಿದ್ಯೆ. ಯಾವ ಒತ್ತಡವೂ ಇಲ್ಲದ ಸಂಜೆಗಳಲ್ಲಿ ಅದನ್ನು ಕಲಿತಿರಬೇಕು. ಪಂದ್ಯದ ದಿನ ಅದರ ಒಂದು ಸಣ್ಣ ತುಣುಕನ್ನು ಮಾತ್ರ ಬಳಸಬೇಕು. ನಾನು ಕ್ರೀಡಾ ಫಿಸಿಯೋಥೆರಪಿಸ್ಟ್ ಆಗಿ ನೋಡುವ ಎಳೆಯ ಆಟಗಾರರಲ್ಲಿ ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಿರುತ್ತಾರೆ. ವಾರವೆಲ್ಲ ಏನೂ ಇಲ್ಲ, ಭಾನುವಾರ ಬೆಳಿಗ್ಗೆ ಗೆರೆಯ ಪಕ್ಕ ಕುಳಿತು ಅರ್ಧ ಗಂಟೆ ಕಾಲು ಎಳೆಯುವುದು.

ಮೊದಲು ಅವನ ದೇಹದಲ್ಲಿ ಏನು ನಡೆಯುತ್ತಿದೆ ಎಂದು ಅವನಿಗೇ ತಿಳಿಸಿ ಹೇಳಿ. ಮುಖ್ಯವಾದದ್ದೇನೋ ಪಣಕ್ಕಿದೆ ಎಂದು ಮಿದುಳಿಗೆ ಅನ್ನಿಸಿದ ಕೂಡಲೇ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಕ್ಕೆ ಸಣ್ಣದಾಗುತ್ತದೆ, ರಕ್ತ ಕೈಕಾಲಿನ ದೊಡ್ಡ ಸ್ನಾಯುಗಳ ಕಡೆ ಹರಿಯುತ್ತದೆ. ಹೊಟ್ಟೆಗೆ ಹೋಗುವ ರಕ್ತ ಕಡಿಮೆಯಾಗಿ ಜೀರ್ಣಕ್ರಿಯೆ ನಿಧಾನವಾಗುತ್ತದೆ, ತೊಳಸುವುದು ಅದಕ್ಕೇ. ಸ್ನಾಯುಗಳು ಓಡಲು ಸಿದ್ಧವಾಗಿ ಬಿಗಿದು ನಿಲ್ಲುತ್ತವೆ. ಆದರೆ ಓಟ ಇನ್ನೂ ಶುರುವಾಗಿರುವುದಿಲ್ಲ. ಹೀಗೆ ಒಂದೆರಡು ಗಂಟೆ ಸುಮ್ಮನೆ ಬಿಗಿದೇ ಇರುವ ಮೀನಖಂಡ ಟಾಸ್ ಹೊತ್ತಿಗೆ ದಣಿದಿರುತ್ತದೆ. ಅವನಿಗೆ ಕಾಲು ಕಟ್ಟಿದಂತೆ ಅನ್ನಿಸುವುದು ಸುಳ್ಳಲ್ಲ, ಸೋಗಂತೂ ಅಲ್ಲವೇ ಅಲ್ಲ.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಮಾರ್ಕ್ ಆಂಡರ್ಸೆನ್ ಮತ್ತು ಜೀನ್ ವಿಲಿಯಮ್ಸ್ ಎಂಬ ಕ್ರೀಡಾ ಮನಶ್ಶಾಸ್ತ್ರಜ್ಞರು 1988ರಲ್ಲಿ ಒತ್ತಡಕ್ಕೂ ಗಾಯಕ್ಕೂ ಇರುವ ನಂಟನ್ನು ವಿವರಿಸಿದರು. ಒತ್ತಡ ಹೆಚ್ಚಾದಾಗ ಸ್ನಾಯು ಅತಿಯಾಗಿ ಬಿಗಿಯುತ್ತದೆ, ಜೊತೆಗೆ ಗಮನದ ಹರವು ಕುಗ್ಗುತ್ತದೆ, ಪಕ್ಕದಿಂದ ಬರುವವನು ಕಾಣಿಸುವುದಿಲ್ಲ. ಬಿಗಿದ ಕಾಲು, ಕಾಣದ ಟ್ಯಾಕಲ್. ಎರಡೂ ಸೇರಿದರೆ ಏನಾಗುತ್ತದೆ ಎಂದು ಮಿಡ್‌ಫೀಲ್ಡರ್‌ನ ತಾಯಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಗನಿಗೆ ನಾಚಿಕೆ ಇದ್ದರೆ ಪೆರ್ ಮೆರ್ಟೆಸಾಕರ್ ಬಗ್ಗೆ ಹೇಳಿ. 2014ರಲ್ಲಿ ವಿಶ್ವಕಪ್ ಗೆದ್ದ ಜರ್ಮನಿ ತಂಡದ ಡಿಫೆಂಡರ್ ಅವರು. ತಮ್ಮ ಆಟದ ಬದುಕಿನುದ್ದಕ್ಕೂ ಪಂದ್ಯ ಶುರುವಾಗುವ ಮುಂಚಿನ ಕ್ಷಣಗಳಲ್ಲಿ ವಾಕರಿಕೆ ಬರುತ್ತಿತ್ತು ಎಂದು 2018ರಲ್ಲಿ ಅವರೇ ಬಹಿರಂಗವಾಗಿ ಹೇಳಿದರು. ಅದೇ ವರ್ಷ ಅವರು ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಯುವ ಅಕಾಡೆಮಿಯ ಹೊಣೆ ಹೊತ್ತರು. ಹೊಟ್ಟೆ ತೊಳಸುವ ಹುಡುಗ ಹೇಡಿಯಲ್ಲ ಎಂದು ಅವನಿಗೆ ಮನವರಿಕೆಯಾದರೆ ಅರ್ಧ ಭಾರ ಇಳಿಯುತ್ತದೆ.

ಇನ್ನು ಸ್ಟ್ರೆಚಿಂಗ್. ಪಂದ್ಯಕ್ಕೆ ಮುಂಚೆ ಒಂದೇ ಭಂಗಿಯಲ್ಲಿ ನಿಂತು ಅಥವಾ ಕುಳಿತು ಸ್ನಾಯುವನ್ನು ಬಹಳ ಹೊತ್ತು ಎಳೆದು ಹಿಡಿಯುವುದು ಒಳ್ಳೆಯದಲ್ಲ. ಒಂದು ಸ್ನಾಯುವಿಗೆ 60 ಸೆಕೆಂಡಿಗಿಂತ ಹೆಚ್ಚು ಹೀಗೆ ಮಾಡಿದರೆ ಅದಾದ ಸ್ವಲ್ಪ ಹೊತ್ತು ಅದರ ಬಲ ಮತ್ತು ಚಿಮ್ಮುವ ಶಕ್ತಿ ತುಸು ತಗ್ಗುತ್ತದೆ. ಈ ವಿಷಯದಲ್ಲಿ ಸಂಶೋಧನೆಗಳ ಮಾತು ಬಹುಪಾಲು ಒಂದೇ. ಹತ್ತು ಹದಿನೈದು ಸೆಕೆಂಡು ಎಳೆದು, ಆಮೇಲೆ ಓಡಿದರೆ ತೊಂದರೆಯಿಲ್ಲ. ಕಾಲು ಕಟ್ಟಿದೆ ಎಂದು ಗಾಬರಿಯಾದ ಹುಡುಗ ಹತ್ತು ಸೆಕೆಂಡಿಗೆ ಬಿಡುವುದಿಲ್ಲ, ಎಳೆಯುತ್ತಲೇ ಇರುತ್ತಾನೆ. ಎಳೆದಷ್ಟೂ ಅವನ ಗಮನ ಆ ಕಾಲಿನ ಮೇಲೇ ನಾಟಿರುತ್ತದೆ.

ಪಂದ್ಯಕ್ಕೆ ಮುಂಚೆ ಬೇಕಾದದ್ದು ಚಲನೆ. ಫಿಫಾದ ವೈದ್ಯಕೀಯ ತಜ್ಞರು ರೂಪಿಸಿದ '11+' ಎಂಬ ವಾರ್ಮ್ ಅಪ್ ಇದೆ. 20 ನಿಮಿಷದ್ದು, ನಿಧಾನದ ಓಟ, ಸೊಂಟ ಹೊರಕ್ಕೂ ಒಳಕ್ಕೂ ತಿರುಗಿಸುವ ನಡೆ, ಹೊಟ್ಟೆ ಮತ್ತು ತೊಡೆಯ ಬಲದ ವ್ಯಾಯಾಮ, ಒಂಟಿ ಕಾಲಿನ ಸಮತೋಲನ, ಜಿಗಿತ, ಕೊನೆಗೆ ವೇಗದ ಓಟ. ನಾರ್ವೆಯಲ್ಲಿ 13ರಿಂದ 17 ವರ್ಷದ ಸುಮಾರು 1,900 ಹುಡುಗಿಯರ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಇನ್ನೂ ಚಿಕ್ಕ ಮಕ್ಕಳಿಗೆ ಇದರದೇ ಬೇರೆ ರೂಪವಿದೆ. ನಿಮ್ಮ ಅಕಾಡೆಮಿಯಲ್ಲಿ ಮಾಡಿಸುತ್ತಾರೆಯೇ ಎಂದು ವಿಚಾರಿಸಿ. ಗಾಯ ತಪ್ಪಿಸುವುದರ ಜೊತೆಗೆ ಇದರಿಂದ ಇನ್ನೊಂದು ಲಾಭವಿದೆ: ಪ್ರತಿ ಸಲವೂ ಅದೇ ಕ್ರಮ, ಅದೇ ಜೊತೆಗಾರ, ಅದೇ ಎಣಿಕೆ. ಮುಂದೇನು ಎಂದು ಗೊತ್ತಿರುವ ಇಪ್ಪತ್ತು ನಿಮಿಷ ಕಳವಳದ ಹುಡುಗನಿಗೆ ದೊಡ್ಡ ಆಸರೆ. ದೇಹದಲ್ಲಿ ಸುರಿದಿರುವ ಅಡ್ರಿನಲಿನ್‌ಗೂ ಆಗ ಒಂದು ಕೆಲಸ ಸಿಗುತ್ತದೆ.

ಹಾಗಾದರೆ ನಿಧಾನವಾಗಿ ಎಳೆದು ಹಿಡಿಯುವ ಸ್ಟ್ರೆಚಿಂಗ್ ಬೇಡವೇ? ಬೇಕು, ಸಂಜೆಗೆ. ಮರುದಿನದ ಮೈಕೈ ನೋವು ತಪ್ಪಿಸುತ್ತದೆ ಎಂಬ ಆಸೆಯಿಂದ ಬೇಡ. ಆ ನೋವಿನ ಮೇಲೆ ಸ್ಟ್ರೆಚಿಂಗ್ ಮಾಡುವ ಪರಿಣಾಮ ನೂರರಲ್ಲಿ ಕೆಲವೇ ಅಂಕದಷ್ಟು ಸಣ್ಣದು. ಉದ್ದೇಶ ಬೇರೆ. ನಿಧಾನವಾಗಿ ಎಳೆದು ಹಿಡಿದು ಉದ್ದಕ್ಕೆ ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ಎಂಬ ನರದ ಪ್ರಭಾವ ಹೆಚ್ಚಿ ಎದೆಬಡಿತ ಇಳಿಯುತ್ತದೆ. ಬಿಗಿ ಎಲ್ಲಿದೆ, ಸಡಿಲ ಎಲ್ಲಿದೆ ಎಂದು ಹುಡುಗ ತನ್ನ ದೇಹವನ್ನೇ ಗಮನಿಸಲು ಕಲಿಯುತ್ತಾನೆ. ಒತ್ತಡ ನಿಭಾಯಿಸುವ ತರಬೇತಿಯ ಮೊದಲ ಮೆಟ್ಟಿಲು ಈ ಗಮನವೇ.

ಮನೆಯಲ್ಲಿ ಚಾಪೆ ಹಾಸಿ ನಾಲ್ಕು ಸ್ಟ್ರೆಚ್ ಸಾಕು. ಮೊದಲನೆಯದು ಮೀನಖಂಡಕ್ಕೆ: ಗೋಡೆಗೆ ಎರಡೂ ಕೈ ಕೊಟ್ಟು ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ, ಮಂಡಿ ನೇರವಾಗಿಟ್ಟು ಮುಂದಕ್ಕೆ ವಾಲುವುದು. ನಂತರ ಅದೇ ಭಂಗಿಯಲ್ಲಿ ಹಿಂದಿನ ಮಂಡಿಯನ್ನು ಸ್ವಲ್ಪ ಬಗ್ಗಿಸುವುದು. ಮಂಡಿ ಬಗ್ಗಿದಾಗ ಒಳಗಿನ ಇನ್ನೊಂದು ಸ್ನಾಯುವಿಗೆ ಎಳೆತ ತಲುಪುತ್ತದೆ, ಮಕ್ಕಳು ಇದನ್ನು ಬಿಟ್ಟೇ ಬಿಡುತ್ತಾರೆ. ಎರಡನೆಯದು ತೊಡೆಯ ಹಿಂಬದಿಗೆ: ಅಂಗಾತ ಮಲಗಿ ಪಾದಕ್ಕೆ ಟವೆಲ್ ಸಿಕ್ಕಿಸಿ ಕಾಲನ್ನು ಮೇಲಕ್ಕೆ ಎಳೆದುಕೊಳ್ಳುವುದು. ಮೂರನೆಯದಕ್ಕೆ ಒಂದು ಮಂಡಿ ಚಾಪೆಯ ಮೇಲೆ ಊರಿ, ಇನ್ನೊಂದು ಪಾದ ಮುಂದಿಟ್ಟು, ಸೊಂಟವನ್ನು ಮುಂದಕ್ಕೆ ತಳ್ಳಬೇಕು. ಊರಿದ ಕಾಲಿನ ಸೊಂಟದ ಮುಂಭಾಗ ಹಿಗ್ಗುತ್ತದೆ. ಕೊನೆಯದು ತೊಡೆಸಂದಿಗೆ: ಪಾದಗಳನ್ನು ಜೋಡಿಸಿ ಕೂರುವ ಬದ್ಧಕೋನಾಸನ. ಪ್ರತಿಯೊಂದೂ 30 ಸೆಕೆಂಡು, ಎರಡು ಸಲ, ಎರಡೂ ಕಡೆ. ಕುಪ್ಪಳಿಸಿ ಎಳೆಯಬಾರದು. ಎಳೆತ ಹತ್ತರಲ್ಲಿ ಐದಾರು ಎಂದು ಅವನು ಹೇಳುವಷ್ಟು ಇರಬೇಕು, ನೋವಿನಿಂದ ಮುಖ ಕಿವುಚುವಷ್ಟಲ್ಲ. ಮುಖ ಕಿವುಚಿದ ಹುಡುಗನ ಭುಜವನ್ನು ನೋಡಿ, ಕಿವಿಯ ಹತ್ತಿರಕ್ಕೆ ಏರಿರುತ್ತದೆ. ಅಲ್ಲಿಗೆ ಅದು ಒತ್ತಡ ಇಳಿಸುವ ವ್ಯಾಯಾಮವಾಗಿ ಉಳಿದಿಲ್ಲ.

14 ವರ್ಷ ಎಂದಿರಿ. ಹುಡುಗರು ಸಾಮಾನ್ಯವಾಗಿ ಅತಿ ವೇಗವಾಗಿ ಎತ್ತರ ಬೆಳೆಯುವ ವಯಸ್ಸು ಇದು. ಹುಡುಗಿಯರಲ್ಲಿ ಇದು ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಮೂಳೆ ಉದ್ದವಾದ ವೇಗಕ್ಕೆ ಸ್ನಾಯು, ಸ್ನಾಯುರಜ್ಜು ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. ಹಿಂದಿನ ವರ್ಷ ಸಲೀಸಾಗಿ ಕಾಲಿನ ಬೆರಳು ಮುಟ್ಟುತ್ತಿದ್ದವನು ಈಗ ಮುಟ್ಟದಿದ್ದರೆ ಸೋಮಾರಿಯಾದ ಎಂದಲ್ಲ. ಮಂಡಿಚಿಪ್ಪಿನ ಕೆಳಗೆ ಮೂಳೆಯ ಉಬ್ಬಿನಲ್ಲಿ ಅಥವಾ ಹಿಮ್ಮಡಿಯ ಹಿಂಭಾಗದಲ್ಲಿ ಒತ್ತಿದರೆ ನೋವಿದೆಯೇ ನೋಡಿ. ಇದ್ದರೆ ಅದು ಬೆಳೆಯುವ ಮೂಳೆಯ ತುದಿಗೆ ಸಂಬಂಧಿಸಿದ ತೊಂದರೆ ಇರಬಹುದು. ಅಂಥ ಜಾಗಕ್ಕೆ ಎಳೆತ ಹಾಕುವ ಸ್ಟ್ರೆಚಿಂಗನ್ನು ಬಲವಂತವಾಗಿ ಮಾಡಿಸದೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಸ್ಟ್ರೆಚಿಂಗ್ ಮುಗಿದ ಕೂಡಲೇ ಅದೇ ಚಾಪೆಯ ಮೇಲೆ ಸ್ನಾಯು ಸಡಿಲಿಕೆಯ ಅಭ್ಯಾಸ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಕಳೆದ ಶತಮಾನದ ಮೊದಲ ದಶಕಗಳಲ್ಲಿ ಬೆಳೆಸಿದ ವಿಧಾನ ಇದು. ಆತಂಕದಲ್ಲಿರುವವರ ಸ್ನಾಯುಗಳು ಅವರಿಗೇ ಗೊತ್ತಿಲ್ಲದೆ ಬಿಗಿದಿರುತ್ತವೆ, ಸ್ನಾಯುವನ್ನು ಪೂರ್ತಿ ಬಿಟ್ಟರೆ ಆತಂಕವೂ ಜಗ್ಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. 'ಸಡಿಲ ಬಿಡು' ಎಂದು ಹೇಳಿದರೆ ಯಾವ ಹುಡುಗನಿಗೂ ಅರ್ಥವಾಗುವುದಿಲ್ಲ. ಅದಕ್ಕೇ ಮೊದಲು ಬೇಕೆಂದೇ ಬಿಗಿಯುವುದು, ಆಮೇಲೆ ಒಮ್ಮೆಲೇ ಬಿಡುವುದು.

ಅಂಗಾತ ಮಲಗಲಿ, ಮಂಡಿಯ ಕೆಳಗೆ ಒಂದು ದಿಂಬು. ಬಲ ಮುಷ್ಟಿಯನ್ನು ಐದು ಸೆಕೆಂಡು ಬಿಗಿಯಲಿ, ಪೂರ್ತಿ ಬಲದಿಂದಲ್ಲ, ಮುಕ್ಕಾಲು ಬಲದಿಂದ. ಉಸಿರು ಬಿಡುತ್ತಾ ಕೈಯನ್ನು ಹಾಗೆಯೇ ಚಾಪೆಗೆ ಬಿಟ್ಟುಬಿಡಲಿ. ಇಪ್ಪತ್ತು ಸೆಕೆಂಡು ಏನೂ ಮಾಡಬಾರದು. ಬೆರಳ ತುದಿಗೆ ಬೆಚ್ಚಗೆ ಅನ್ನಿಸುತ್ತಿದೆಯೇ, ಕೈ ಭಾರವಾಯಿತೇ ಎಂದಷ್ಟೇ ಗಮನಿಸಬೇಕು. ಕಲಿಕೆ ನಡೆಯುವುದು ಈ ಇಪ್ಪತ್ತು ಸೆಕೆಂಡಿನಲ್ಲಿ, ಮಕ್ಕಳು ಹಾರಿಸಿಬಿಡುವುದೂ ಇದನ್ನೇ. ಹೀಗೆ ಎಡಗೈ, ತೋಳು, ಹಣೆ, ದವಡೆ, ಭುಜ, ಹೊಟ್ಟೆ, ತೊಡೆ, ಕೊನೆಗೆ ಮೀನಖಂಡ. ಮೀನಖಂಡದ ವಿಷಯದಲ್ಲಿ ಎಚ್ಚರ: ಪಾದವನ್ನು ಕೆಳಕ್ಕೆ ಚಾಚಿ ಬಿಗಿದರೆ ಆಡಿ ದಣಿದ ಕಾಲು ಅಲ್ಲೇ ಹಿಡಿದುಕೊಳ್ಳುತ್ತದೆ, ಹುಡುಗ ಕಿರುಚಿಕೊಂಡು ಎದ್ದು ಕೂರುತ್ತಾನೆ. ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದುಕೊಂಡು ಬಿಗಿಯಲು ಹೇಳಿ. ಹಾಗೆಯೇ ತೊಡೆ ಬಿಗಿಯುವಾಗ ಹಿಮ್ಮಡಿಯನ್ನು ನೆಲಕ್ಕೆ ಬಲವಾಗಿ ಒತ್ತಬಾರದು. ನೋವಿರುವ, ಗಾಯವಾದ ಜಾಗವನ್ನು ಬಿಗಿಯದೆ ಮುಂದಕ್ಕೆ ಹೋಗಬೇಕು. ಎಲ್ಲ ಸೇರಿ 12ರಿಂದ 15 ನಿಮಿಷ. ಕೊನೆಗೆ ಎರಡು ಮೂರು ನಿಮಿಷ ಮೂಗಿನಿಂದ ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಂಡು ಆರು ಎಣಿಸುತ್ತಾ ಬಿಡುವುದು. ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಜೋರಾಗಿ ಎಳೆಯುವುದೂ ಬೇಡ, ಹಿಡಿದಿಡುವುದೂ ಬೇಡ. ತಲೆ ಹಗುರವಾದರೆ ಮಾಮೂಲಿ ಉಸಿರಾಟಕ್ಕೆ ಮರಳಲಿ.

ಮೊದಲ ಕೆಲವು ದಿನ ನೀವೇ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳುತ್ತಾ ಹೋಗಿ. ಅಥವಾ ನಿಮ್ಮದೇ ದನಿಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೊಡಿ. ಕಣ್ಣು ಮುಚ್ಚಿದರೆ ಕೆಲವು ಮಕ್ಕಳಿಗೆ ಕಳವಳ ಹೆಚ್ಚುತ್ತದೆ. ಅಂಥವರು ಕಣ್ಣು ತೆರೆದು ಸೂರು ನೋಡುತ್ತಿರಲಿ. ನಡುವೆ ನಿದ್ದೆ ಬಂದರೆ ಎಬ್ಬಿಸಬೇಡಿ. ಆದರೆ ವಾರದಲ್ಲಿ ಎರಡು ದಿನವಾದರೂ ನಿದ್ದೆಯ ಹೊತ್ತಿಗಿಂತ ಮೊದಲೇ ಮಾಡಿಸಿ. ಎಚ್ಚರದಲ್ಲಿದ್ದು ಸಡಿಲವಾಗುವುದು ಅವನಿಗೆ ಗೊತ್ತಾಗಬೇಕು.

ನಿಮ್ಮ ಅತ್ತೆಯವರ ಶವಾಸನಕ್ಕೆ ಬಂದರೆ, ಗುರಿ ಒಂದೇ. ಯೋಗಾಭ್ಯಾಸ ಇರುವವರಿಗೆ ಅದೊಂದೇ ಸಾಕಾಗುತ್ತದೆ. ಒಳಗೊಳಗೇ ಕುದಿಯುತ್ತಿರುವ 14ರ ಹುಡುಗನನ್ನು ನೇರವಾಗಿ ಶವಾಸನದಲ್ಲಿ ಮಲಗಿಸಿದರೆ ಅವನು ಮಲಗಿಕೊಂಡೇ ನಾಳೆಯ ಪಂದ್ಯ ಆಡಲು ಶುರುಮಾಡುತ್ತಾನೆ. ಬಿಗಿದು ಬಿಡುವ ವಿಧಾನದಲ್ಲಿ ಮನಸ್ಸಿಗೆ ಒಂದು ಕೆಲಸವಿರುತ್ತದೆ. ನಾಲ್ಕೈದು ವಾರದ ನಂತರ ಅತ್ತೆಯವರೇ ಅವನಿಗೆ ಶವಾಸನ ಹೇಳಿಕೊಡಲಿ, ಆಗ ಚೆನ್ನಾಗಿ ಹಿಡಿಸುತ್ತದೆ. ಅಜ್ಜಿಯ ಪಕ್ಕ ಮಲಗಿ ಉಸಿರು ಎಣಿಸುವ ಹುಡುಗನಿಗೆ ಬೇರೆ ಕೋಚ್ ಕೊಡಲಾಗದ ನೆಮ್ಮದಿಯೂ ಸಿಗುತ್ತದೆ.

ಈಗ ಪಂದ್ಯದ ದಿನ. ಆವತ್ತು 15 ನಿಮಿಷದ ಪೂರ್ತಿ ಅಭ್ಯಾಸ ಬೇಡವೇ ಬೇಡ. ಕಾಲು ಭಾರವಾಗಿ ಚುರುಕು ತಗ್ಗುತ್ತದೆ. ಆಟಕ್ಕೆ ಒಂದಿಷ್ಟು ಉದ್ವೇಗ ಬೇಕೇ ಬೇಕು. ಎದೆ ಡವಡವ ಎನ್ನುವುದನ್ನು ಪೂರ್ತಿ ಅಡಗಿಸಲು ಹೊರಟರೆ ಅದೂ ಒಂದು ಒತ್ತಡವಾಗುತ್ತದೆ. ಇದಕ್ಕೆ ಎರಡನೆಯ ವಾರದಿಂದಲೇ ಒಂದು ಸಣ್ಣ ರೂಪವನ್ನು ರೂಢಿಸಿ: ಮುಷ್ಟಿ ಮತ್ತು ಭುಜ ಎರಡನ್ನೂ ಮೂರು ಸೆಕೆಂಡು ಬಿಗಿದು, ಉದ್ದ ಉಸಿರಿನೊಂದಿಗೆ ಬಿಡುತ್ತಾ ಮನಸ್ಸಿನಲ್ಲಿ ಒಂದು ಮಾತು ಹೇಳಿಕೊಳ್ಳುವುದು. 'ಬಿಟ್ಟೆ' ಎಂದೋ, 'ಆಡು' ಎಂದೋ, ಅವನೇ ಆರಿಸಿಕೊಳ್ಳಲಿ. ದಿನವೂ ಸಂಜೆಯ ಅಭ್ಯಾಸದ ಕೊನೆಗೆ ಇದನ್ನು ಮೂರು ಸಲ ಮಾಡಿದರೆ ದೇಹ ಆ ಮಾತಿಗೆ ಒಗ್ಗಿಕೊಳ್ಳುತ್ತದೆ. ಮೊದಲು ಅಭ್ಯಾಸ ಪಂದ್ಯಗಳಲ್ಲಿ, ಆಮೇಲೆ ನಿಜವಾದ ಪಂದ್ಯದಲ್ಲಿ ಬಳಸಲಿ: ಶೂ ಲೇಸ್ ಕಟ್ಟಿದ ಮೇಲೆ ಒಮ್ಮೆ, ಸಾಲಿನಲ್ಲಿ ನಿಂತಾಗ ಒಮ್ಮೆ, ಚೆಂಡು ಹೊರಗೆ ಹೋಗಿ ಆಟ ನಿಂತಾಗ ಬೇಕೆನಿಸಿದರೆ ಒಮ್ಮೆ. ಪೆನಾಲ್ಟಿಗೂ ಇದೇ. 11 ಮೀಟರಿನಿಂದ ಒದೆಯುವವರಲ್ಲಿ ಸೀಟಿ ಊದಿದ ಕ್ಷಣವೇ ಅವಸರದಲ್ಲಿ ಓಡುವವರು ಹೆಚ್ಚು ತಪ್ಪುತ್ತಾರೆ ಎಂದು ನಾರ್ವೆಯ ಕ್ರೀಡಾ ಮನಶ್ಶಾಸ್ತ್ರಜ್ಞ ಗೇರ್ ಯೋರ್ಡೆಟ್ ಅವರ ಅಧ್ಯಯನಗಳು ತೋರಿಸಿವೆ. ಸೀಟಿಯಾದ ಮೇಲೆ ಒಂದು ಉಸಿರು ಬಿಟ್ಟು ಹೊರಡುವುದನ್ನು ಅಭ್ಯಾಸದಲ್ಲೇ ಕಲಿಯಬಹುದು.

ಹೊಟ್ಟೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪಂದ್ಯಕ್ಕೆ ಎರಡು ಮೂರು ಗಂಟೆ ಮೊದಲು ಇಡ್ಲಿ, ಅನ್ನ ಮೊಸರು, ಬಾಳೆಹಣ್ಣಿನಂಥ ಹಗುರ ಆಹಾರ. ಪೂರಿ, ವಡೆ ಬೇಡ. ಹೋಗದಿದ್ದರೆ ಬಲವಂತ ಮಾಡದೆ ಸ್ವಲ್ಪ ಸ್ವಲ್ಪವಾಗಿ ಕೊಡಿ. ಎನರ್ಜಿ ಡ್ರಿಂಕ್ ಎಂಬ ಕೆಫೀನಿನ ಡಬ್ಬಿಗಳು ಮಕ್ಕಳಿಗೆ ಸಲ್ಲದು. ತಲ್ಲಣವನ್ನೂ ನಿದ್ದೆಗೇಡನ್ನೂ ಅವೇ ಹೆಚ್ಚಿಸುತ್ತವೆ.

ಮೇಲಿನದೆಲ್ಲ ಹುಡುಗ ಮಾಡಬೇಕಾದದ್ದು. ದೊಡ್ಡವರು ಮಾಡಬೇಕಾದದ್ದೂ ಇದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ಬೆಳಿಗ್ಗೆ ಐದೂವರೆಗೆ ಎದ್ದು ಅಭ್ಯಾಸ, ಶಾಲೆ, ಟ್ಯೂಷನ್, ರಾತ್ರಿ ಟರ್ಫ್‌ನಲ್ಲಿ ಮತ್ತೊಂದು ಸುತ್ತು, ಟ್ರಾಫಿಕ್ಕಿನಲ್ಲಿ ಮನೆ ಸೇರಿದಾಗ ಹತ್ತು ಗಂಟೆ. ಇಂಥ ದಿನಚರಿಯ ಮೇಲೆ ಹದಿನೈದು ನಿಮಿಷದ ಸಡಿಲಿಕೆ ಅಂಟಿಸಿದರೆ ಅದು ಇನ್ನೊಂದು ಹೋಂವರ್ಕ್ ಆಗುತ್ತದೆ, ಅಷ್ಟೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಸಂಘಟಿತ ತರಬೇತಿಯ ಗಂಟೆಗಳು ವಾರಕ್ಕೆ ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು, ವಾರದಲ್ಲಿ ಒಂದೆರಡು ದಿನ ಪೂರ್ತಿ ಬಿಡುವಿರಬೇಕು ಎಂದು ಮಕ್ಕಳ ಕ್ರೀಡಾ ವೈದ್ಯರು ಸಲಹೆ ಮಾಡುತ್ತಾರೆ. ಒಂದು ವಾರದ ಲೆಕ್ಕ ಬರೆದು ನೋಡಿ. ಲೆಕ್ಕ ಮೀರಿದ್ದರೆ ಮೊದಲು ಕಡಿಮೆ ಮಾಡಬೇಕಾದದ್ದು ಅದು. ಪಂದ್ಯ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಆಟದ ವಿಮರ್ಶೆ ಬೇಡ. ಅವನೇ ಎತ್ತಿದರೆ ಕೇಳಿಸಿಕೊಳ್ಳಿ. ಪಂದ್ಯದ ಹಿಂದಿನ ದಿನ 'ಟೆನ್ಷನ್ ಮಾಡಿಕೊಳ್ಳಬೇಡ' ಎಂದು ಹತ್ತು ಸಲ ಹೇಳುವುದಕ್ಕಿಂತ ಅವನ ಜೊತೆ ಹತ್ತು ನಿಮಿಷ ಬೀದಿ ಸುತ್ತಿ ಬನ್ನಿ.

ಮಾಡಿಸಿದ ಮೂರ್ನಾಲ್ಕು ವಾರಕ್ಕೆ ನಿದ್ದೆಯಲ್ಲಿ ಬದಲಾವಣೆ ಮೊದಲು ಕಾಣುತ್ತದೆ, ಮೈದಾನದಲ್ಲಿ ಅದಕ್ಕಿಂತ ನಿಧಾನ. ಈ ಸಡಿಲಿಕೆಯ ಅಭ್ಯಾಸದಿಂದ ಆತಂಕ ಇಳಿಯುತ್ತದೆ. ಪಾಸ್ ಕೊಡುವ ಕೌಶಲ ಅದರಿಂದ ಬರುವುದಿಲ್ಲ, ಆ ನಿರೀಕ್ಷೆ ಇಟ್ಟು ಅವನ ಮೇಲೆ ಹೊಸ ಹೊರೆ ಹಾಕಬೇಡಿ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬಾರದು. ಓಡುವಾಗ ಎದೆನೋವು, ಕಣ್ಣು ಕತ್ತಲೆ, ಪ್ರಜ್ಞೆ ತಪ್ಪುವುದು, ಕುಟುಂಬದಲ್ಲಿ ಎಳೆವಯಸ್ಸಿನ ಹಠಾತ್ ಸಾವಿನ ಇತಿಹಾಸ ಇದ್ದರೆ ಅದನ್ನು ಟೆನ್ಷನ್ ಎಂದು ತಳ್ಳಿಹಾಕದೆ ಆಟ ನಿಲ್ಲಿಸಿ ಹೃದ್ರೋಗ ತಜ್ಞರಿಗೆ ತೋರಿಸಿ. ತೂಕ ಇಳಿಯುತ್ತಿದ್ದರೆ, ಪಂದ್ಯವಿಲ್ಲದ ದಿನವೂ ನಿದ್ದೆ ಬಾರದಿದ್ದರೆ, ಗೆಳೆಯರಿಂದ ದೂರವಾಗುತ್ತಿದ್ದರೆ, ಶಾಲೆಗೂ ಹೋಗಲು ಒಲ್ಲೆ ಎಂದರೆ ಮಕ್ಕಳ ಮನೋವೈದ್ಯರನ್ನು ಅಥವಾ ಆಪ್ತ ಸಮಾಲೋಚಕರನ್ನು ಕಾಣಿ. ಸಾಯುವ ಮಾತು ಒಮ್ಮೆ ಬಂದರೂ ಅದೇ ದಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಕೋಚ್ ಜೊತೆ ಮಾತನಾಡುವಾಗ ಮಗನ ತೊಂದರೆಯನ್ನು ಮಾತ್ರ ಮುಂದಿಡಬೇಡಿ. ತಂಡದ ಮುಂದೆ ಅವನೊಬ್ಬನೇ ಬೇರೆಯಾಗಿ ಕಾಣಬಾರದು. ಅಭ್ಯಾಸದ ಕೊನೆಯ ಹತ್ತು ನಿಮಿಷವನ್ನು ಇಡೀ ತಂಡಕ್ಕೆ ಇದಕ್ಕಾಗಿ ಕೊಡಬಹುದೇ ಎಂದು ಕೇಳಿ: ನಾಲ್ಕು ಸ್ಟ್ರೆಚ್, ಆಮೇಲೆ ಎಲ್ಲರೂ ಹುಲ್ಲಿನ ಮೇಲೆ ಅಂಗಾತ ಮಲಗಿ ಬಿಗಿದು ಬಿಡುವ ಅಭ್ಯಾಸ. ಒಪ್ಪಿದರೆ ಈ ಉತ್ತರವನ್ನೇ ಅವರಿಗೆ ಓದಲು ಕೊಡಿ.